ಎಳೆ ಎಣಿಸುವಾಗ ಫೋನ್ ಟಿಣ್ ಅಂದರೆ ಏನು ಮಾಡುತ್ತೀರಿ?

ಕಸೂತಿ ಅಕ್ಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬಂದು ಓದಿ ಹೋಗುವವಳು, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 53 ವರ್ಷ. ಮನೆ ಮಾಳಮಡ್ಡಿಯಲ್ಲಿ. ಕಸೂತಿ ಹಾಕುತ್ತೇನೆ. ಅಜ್ಜಿ ಕಲಿಸಿದ್ದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಗೋಣಿಚೀಲದ ಒಂದು ತುಂಡು ಕೈಗಿಟ್ಟು, "ಮೊದ್ಲ ಎಳಿ ಎಣಸೂದು ಕಲಿ, ಸೂಜಿ ಆಮ್ಯಾಲೆ" ಅಂದಿದ್ದಳು. ಸೂಜಿ ಸಿಕ್ಕಿದ್ದು ಎರಡು ತಿಂಗಳಾದ ಮೇಲೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಸೂತಿಯಲ್ಲಿ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಅಚ್ಚೂ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಹೊಲಿಗೆ ನಾಲ್ಕು ಥರ: ಗವಂತಿ, ಮುರಗಿ, ನೇಗಿ, ಮೆಂತಿ. ಮುರಗಿ ಅಂದರೆ ಮೆಟ್ಟಿಲಿನ ಹಾಗೆ ತಿರುಗುತ್ತ ಹೋಗುವುದು. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹಾಕುತ್ತ ಹೋಗಬೇಕು, ಅದೇ ದಾರಿಯಲ್ಲಿ ವಾಪಸ್ ಬರುತ್ತ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವ ಹಾಗಿಲ್ಲ. ಸರಿಯಾಗಿ ಹಾಕಿದರೆ ಬಟ್ಟೆ ತಿರುವಿದರೂ ಅದೇ ಚಿತ್ರ. ಹೋಗುವಾಗ ಒಂದು ಎಳೆ ತಪ್ಪಿದರೆ ಅಲ್ಲೇ ಗೊತ್ತಾಗುವುದಿಲ್ಲ. ಬರುವಾಗ ಗೆರೆ ಕೂಡುವುದಿಲ್ಲ, ಆಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಎರಡು ಸಂಜೆ ಹೋಗಿರುತ್ತವೆ.

ಇನ್ನು ಫೋನಿನ ವಿಷಯ. ಮೂರು ವರ್ಷದ ಹಿಂದೆ ಸೊಸೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೇಜ್ ಮಾಡಿಕೊಟ್ಟಳು. ಮೊದಲ ವರ್ಷ ನೂರಾ ಹತ್ತು ಜನ ಇದ್ದರು, ಅದರಲ್ಲಿ ಅರ್ಧ ನಮ್ಮ ನೆಂಟರೇ. ಒಂದು ದಿನ ಸುಮ್ನೆ ಒಂದು ಕಪ್ಪು ಚಂದ್ರಕಾಳಿ ಸೀರೆಯ ಸೆರಗು ತೋರಿಸಿ, ತಿರುವಿ ಇನ್ನೊಂದು ಬದಿ ತೋರಿಸಿ, "ಯಾವುದು ಹಿಂದೆ, ಯಾವುದು ಮುಂದೆ, ಹೇಳಿ ನೋಡೋಣ" ಅಂದೆ. 20 ಸೆಕೆಂಡಿನ ವಿಡಿಯೋ. 3 ಲಕ್ಷ ಸಲ ಓಡಿತು. ಮೊದಲ ವಾರ ಹಬ್ಬ. ಎರಡನೇ ವಾರದಿಂದ ಶುರುವಾಯಿತು ನೋಡಿ.

ಚಿಕ್ಕ ಗಿಳಿ, ಚಿಕ್ಕ ತುಳಸಿ ಕಟ್ಟೆ ಆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ, ವಿಡಿಯೋ ಆಗುತ್ತದೆ. ತೇರು ಹಾಕಲು ಕೂತರೆ ಹನ್ನೆರಡು ದಿನ. ಹನ್ನೆರಡು ದಿನ ಏನೂ ಹಾಕದಿದ್ದರೆ ಪೇಜ್ ಮಲಗುತ್ತದೆ. ಹಾಗಾಗಿ ಹೋದ ವರ್ಷ ಪೂರ್ತಿ ನಾನು ಹಾಕಿದ ತೇರು ಒಂದೇ ಒಂದು. ಗಿಳಿ ಎಷ್ಟೋ ಲೆಕ್ಕ ಇಟ್ಟಿಲ್ಲ. ಮನೆ ತುಂಬ ಗಿಳಿ.

ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಮೊದಲೇ ಎಷ್ಟು ಜನ ನೋಡಿದರು ಅಂತ ನೋಡುತ್ತೇನೆ. ಬರೆಯಲು ನಾಚಿಕೆ, ಆದರೆ ನಿಜ. ಯಾರೋ ಒಬ್ಬ "ಮಷಿನ್‌ನಲ್ಲಿ ಹತ್ತು ನಿಮಿಷದ ಕೆಲಸ, ಇದಕ್ಕೆ ಇಷ್ಟು ದುಡ್ಡಾ" ಅಂತ ಬರೆದಿದ್ದ. ಮರುದಿನ ರೊಟ್ಟಿ ತಟ್ಟುವಾಗೆಲ್ಲ ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಡುತ್ತಿದ್ದೆ. ಎರಡು ರೊಟ್ಟಿ ಹರಿದವು. ಇನ್ನೊಂದು ಕಡೆ, ಯಾವುದೋ ಆನ್‌ಲೈನ್ ಅಂಗಡಿಯವರು ನನ್ನ ಸೀರೆಯ ಫೋಟೊ ಹಾಕಿ ಪ್ರಿಂಟ್ ಸೀರೆ ಮಾರುತ್ತಿದ್ದರು. ಅದನ್ನು ನೋಡಿದ ದಿನ ಸೂಜಿ ಮುಟ್ಟಲಿಲ್ಲ.

ಇದೆಲ್ಲ ಹೇಗೋ ನುಂಗಿಕೊಂಡೆ. ನುಂಗಲು ಆಗದ್ದು ಬೇರೆ ಇದೆ. ಶನಿವಾರ ನಾಲ್ಕು ಗಂಟೆಗೆ ಆರು ಹುಡುಗಿಯರು ಕಲಿಯಲು ಬರುತ್ತಾರೆ. ಫೀ ಇಲ್ಲ, ಅಜ್ಜಿ ನನ್ನಿಂದ ತೆಗೆದುಕೊಂಡಿರಲಿಲ್ಲ. ಈಚೆಗೆ ಅಲ್ಲೂ ಸ್ಟ್ಯಾಂಡ್ ನಿಲ್ಲಿಸಿ ವಿಡಿಯೋ ಮಾಡುತ್ತಿದ್ದೆ. ಹೋದ ವಾರ ಅವರಲ್ಲಿ ಎಲ್ಲರಿಗಿಂತ ಸಣ್ಣವಳು, ಎಂಟನೇ ಕ್ಲಾಸಿನವಳು, ತಲೆ ಎತ್ತದೆ ಹೊಲಿಯುತ್ತಲೇ ಹೇಳಿದಳು: "ಅಕ್ಕಾರ, ನೀವು ಈಗ ನಮ್ಮ ಕೈ ನೋಡಂಗೇ ಇಲ್ರಿ. ಫೋನ್ ನೋಡಾಕತ್ತೀರಿ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ತಾಗಿತು.

ಪೇಜ್ ಮುಚ್ಚೋಣ ಅಂದರೆ ಅದೂ ಸುಲಭ ಇಲ್ಲ. ಹೋದ ವರ್ಷ ಬಂದ 14 ಆರ್ಡರಿನಲ್ಲಿ 9 ಪೇಜಿನಿಂದಲೇ ಬಂದವು. ಸೊಲ್ಲಾಪುರದ ಕಡೆಯ ಒಬ್ಬ ಹೆಣ್ಣುಮಗಳು, ಅವಳ ತಾಯಿಯ ಸೀರೆಯಲ್ಲಿ ಗೋಪುರದ ಅರ್ಧ ಹೋಗಿತ್ತಂತೆ. ನನ್ನ ಮುರಗಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ತಾನೇ ತುಂಬಿಕೊಂಡು ಫೋಟೊ ಕಳಿಸಿದಳು. ಎಡಗಡೆ ಒಂದು ಮೆಟ್ಟಿಲು ತಪ್ಪಿತ್ತು, ಇರಲಿ. ನಾನು ಸೊಲ್ಲಾಪುರಕ್ಕೆ ಹೋಗಿ ಕಲಿಸುವುದು ಯಾವ ಕಾಲಕ್ಕೆ?

ಹಾಗಾದರೆ ಏನು ಮಾಡಲಿ? ಹಾಡು, ಅಡುಗೆ, ಚಿತ್ರ, ಮಗ್ಗ, ಏನಾದರೂ ಹಂಚಿಕೊಳ್ಳುವವರು ಇದ್ದರೆ ಹೇಳಿ. "ತಲೆಗೆ ಹಚ್ಚಿಕೊಳ್ಳಬೇಡಿ" ಅನ್ನುವ ಮಾತು ಬೇಡ, ಅದನ್ನು ನಮ್ಮ ಮನೆಯವರು ದಿನಾ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಅದನ್ನು ಹೇಳಿ.


ಎಡಿಟಿಂಗ್ ಹುಡುಗ, ವಿದ್ಯಾನಗರ ಹುಬ್ಬಳ್ಳಿ

ಅಕ್ಕಾ, ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ನಾಲ್ಕೈದು ಜನರ ಪೇಜೂ ನೋಡಿಕೊಳ್ಳುತ್ತೇನೆ. ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ, ಮಷಿನ್ ವಿಷಯ ಹೇಳುತ್ತೇನೆ.

ತೇರು ಓಡದೆ ಗಿಳಿ ಓಡುವುದು ನಿಮ್ಮ ಕೆಲಸದ ಮೇಲೆ ಬಂದ ತೀರ್ಪಲ್ಲ. ಎಷ್ಟು ಹೊತ್ತು ನೋಡಿದರು, ಲೈಕ್ ಒತ್ತಿದರಾ, ಬೇರೆಯವರಿಗೆ ಕಳಿಸಿದರಾ, ಮುಖ್ಯವಾಗಿ ಈ ಮೂರು ಲೆಕ್ಕ ಅಂತ ಇನ್‌ಸ್ಟಾಗ್ರಾಮ್ ಮುಖ್ಯಸ್ಥರೇ ಹೇಳಿದ್ದಾರೆ. "ಹಿಂದೆ ಯಾವುದು, ಮುಂದೆ ಯಾವುದು" ಅನ್ನುವುದು ಒಗಟು. ಒಗಟನ್ನು ಜನ ಕೊನೆವರೆಗೂ ನೋಡುತ್ತಾರೆ, ಗೆಳೆಯರಿಗೆ ಕಳಿಸುತ್ತಾರೆ. ಅದಕ್ಕೇ ಓಡಿತು. ನಿಮ್ಮ ಹೊಲಿಗೆ ಅವತ್ತು ಚೆನ್ನಾಗಿತ್ತು, ಉಳಿದ ದಿನ ಕೆಟ್ಟಿತ್ತು ಅಂತ ಅಲ್ಲ.

ಈಗ ಮಾಡಬೇಕಾದ ಕೆಲಸ. ಮೊದಲು ಇನ್‌ಸ್ಟಾಗ್ರಾಮ್‌ನ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. ಕಡಿಮೆ ಅಲ್ಲ, ಬಂದ್. ಲೈಕ್ ಎಣಿಕೆ ಮುಚ್ಚಿಡುವ ಸೌಲಭ್ಯ 2021ರಿಂದ ಇದೆ, ಅದನ್ನು ಹಾಕಿಕೊಳ್ಳಿ. ಕಮೆಂಟಿನಲ್ಲಿ ಇಂಥ ಪದ ಬಂದರೆ ಅಡಗಿಸು ಅಂತ ಪಟ್ಟಿ ಕೊಡಬಹುದು. "ಮಷಿನ್" ಅನ್ನುವುದನ್ನು ಆ ಪಟ್ಟಿಗೆ ಸೇರಿಸಿ, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ನನ್ನ ಒಬ್ಬ ಗ್ರಾಹಕರು ಹೋಳಿಗೆ ಮಾಡುತ್ತಾರೆ, ಅವರ ಪಟ್ಟಿಯಲ್ಲಿ 23 ಪದ ಇವೆ. ಅರ್ಧ ನಾನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ವಾಟ್ಸಾಪ್ ಬಿಸಿನೆಸ್. ದುಡ್ಡಿಲ್ಲ. ಅದರಲ್ಲಿ ಕ್ಯಾಟಲಾಗ್ ಮಾಡಿ, ಸೆರಗು ಇಷ್ಟು, ಕುಬಸದ ಬಟ್ಟೆ ಇಷ್ಟು, ತೇರಿಗೆ ಇಷ್ಟು ದಿನ ಅಂತ ಹಾಕಿಬಿಡಿ. "ರೇಟ್ ಎಷ್ಟು" ಅಂತ ಬಂದರೆ ಒಂದು ಸಲ ಬರೆದಿಟ್ಟ ಉತ್ತರವನ್ನೇ ಒತ್ತಿ ಕಳಿಸಬಹುದು. ನೀವು ಇಲ್ಲದ ಹೊತ್ತಿಗೆ "ಭಾನುವಾರ ಉತ್ತರ ಕೊಡುತ್ತೇನೆ" ಅಂತ ತಾನಾಗಿಯೇ ಹೋಗುವ ಮೆಸೇಜೂ ಇಡಬಹುದು.

ಇನ್ನೊಂದು. ದಿನಾ ವಿಡಿಯೋ ತೆಗೆಯಬೇಡಿ. ತಿಂಗಳಿಗೆ ಒಂದು ಬೆಳಿಗ್ಗೆ ಕೂತು ಎಂಟು ತೆಗೆದು, ಯಾವ ದಿನ ಯಾವುದು ಹೋಗಬೇಕು ಅಂತ ಮೊದಲೇ ಹಾಕಿಟ್ಟುಬಿಡಿ. ತೇರನ್ನೂ ಹಾಗೇ ಒಡೆಯಬಹುದು. ಒಂದು ವಾರ ಗಾಲಿ, ಒಂದು ವಾರ ಕಳಸ. ಹನ್ನೆರಡು ದಿನದ ಕೆಲಸ ಎರಡು ತಿಂಗಳ ಪೋಸ್ಟ್ ಆಗುತ್ತದೆ.

ಸೊಸೆಗೆ ಹೇಳಿ, ಅರ್ಧ ಗಂಟೆ ಕೆಲಸ. ಆಗದಿದ್ದರೆ ಚಿಗರಿ ಬಸ್ ಹತ್ತಿ ನಾನೇ ಬರುತ್ತೇನೆ.


ಮಾಸ್ತರ, ಗದಗ

ತಂಗೀ, ಮುಚ್ಚಿಬಿಡು. ಇಷ್ಟು ಉದ್ದ ಯೋಚನೆ ಮಾಡುವ ವಿಷಯವೇ ಅಲ್ಲ.

ನಾನು ನಿವೃತ್ತ ಶಿಕ್ಷಕ. ಮೊದಲು ತಬಲಾ ಸಾಥ್ ಕೊಡುತ್ತಿದ್ದೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು, ನಾನು ಹೋದದ್ದು ಎಂಬತ್ತರ ದಶಕದಲ್ಲಿ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತುತ್ತಿತ್ತು, ನುಡಿಸುತ್ತಿದ್ದೆವು, ದೀಪ ಆರುತ್ತಿತ್ತು. ಚೆಕ್ ಇಸಿದುಕೊಂಡು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ ಗದಗಿನ ಬಸ್ ಹತ್ತುತ್ತಿದ್ದೆವು. ಎಷ್ಟು ಜನ ಕೇಳಿದರು? ಯಾರಿಗೆ ಗೊತ್ತು! ಹದಿನೈದು ದಿನ ಬಿಟ್ಟು ಯಾವುದೋ ಹಳ್ಳಿಯಿಂದ ಒಂದು ಕಾರ್ಡು ಬಂದರೆ ಬಂತು. ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದೆವು.

ನಮ್ಮೂರ ವೀರೇಶ್ವರ ಪುಣ್ಯಾಶ್ರಮ ನಿನಗೆ ಗೊತ್ತೇ ಇದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ್ದು. ಇಬ್ಬರಿಗೂ ಕಣ್ಣಿರಲಿಲ್ಲ. ಅಲ್ಲಿ ಕಲಿತ ಎಷ್ಟೋ ಮಕ್ಕಳಿಗೂ ಇಲ್ಲ. ಬೆಳಗಿನ ಜಾವ ಹಾದಿಯಲ್ಲಿ ಹೋದರೆ ಸಾ ಹಿಡಿದು ಕೂತ ಧ್ವನಿ ಕೇಳುತ್ತಿತ್ತು. ಅದನ್ನು ಯಾರಿಗೆ ತೋರಿಸಲಿಕ್ಕೆ ಹಿಡಿದಿದ್ದರು?

ಆ ಹುಡುಗಿ ಹೇಳಿದ್ದು ಸರಿ ಇದೆ.


ಕಸೂತಿ ಅಕ್ಕ, ಧಾರವಾಡ

ಹುಬ್ಬಳ್ಳಿ ತಮ್ಮಾ, ನೀನು ಹೇಳಿದ್ದನ್ನೆಲ್ಲ ಸೊಸೆಗೆ ಓದಿ ಹೇಳಿದೆ. "ಇದನ್ನೇ ಅಲ್ವಾ ನಾನು ಆರು ತಿಂಗಳಿಂದ ಹೇಳುತ್ತಿರುವುದು" ಅಂದಳು. ಹೇಳಿರಬಹುದು.

ಮಾಸ್ತರೇ, ಬೇಜಾರಾಗಬೇಡಿ, ಒಂದು ಮಾತು. ಆಕಾಶವಾಣಿಯವರು ನಿಮ್ಮನ್ನು ಕರೆದರು, ಚೆಕ್ ಕೊಟ್ಟರು. ನಮ್ಮ ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಅವಳು ಹಾಕಿದ ಸೀರೆ ಉಟ್ಟು ಐವತ್ತು ಮದುಮಕ್ಕಳು ಹಸೆಮಣೆ ಏರಿರಬೇಕು, ಒಬ್ಬರಿಗೂ ಅವಳ ಹೆಸರು ಗೊತ್ತಿಲ್ಲ. ಒಂದು ಸೀರೆಗೆ ಅವಳಿಗೆ ಸಿಗುತ್ತಿದ್ದದ್ದು ಒಂದು ಚೀಲ ಜೋಳ, ಕೆಲವು ಸಲ ಅದೂ ಇಲ್ಲ. ಯಾರೂ ಎಣಿಸದಿದ್ದರೆ ಮನಸ್ಸಿಗೆ ನೆಮ್ಮದಿ ಅನ್ನುವುದು ನನಗೂ ಗೊತ್ತು. ಆದರೆ ಯಾರೂ ಎಣಿಸದೆ ಹೋದವರಲ್ಲಿ ನಮ್ಮ ಅಜ್ಜಿಯೂ ಇದ್ದಾಳೆ. ಅದಕ್ಕೇ ಮುಚ್ಚಲು ಕೈ ಬರುತ್ತಿಲ್ಲ.

ದೀಪ ಆರುವ ಮಾತು ಮಾತ್ರ ತಲೆಯಲ್ಲಿ ಕೂತಿದೆ. ನನ್ನ ಫೋನಿಗೆ ಆರುವ ದೀಪವೇ ಇಲ್ಲ, ಅಲ್ವಾ?


ಮಾಸ್ತರ, ಗದಗ

ಅಜ್ಜಿಯ ವಿಷಯ ನಾನು ಯೋಚಿಸಿರಲಿಲ್ಲ. ಸರಿ, ಮುಚ್ಚಬೇಡ. ಆದರೆ ದೀಪ ಆರಿಸು.


ತತ್ವಪದದವ, ಶಿಗ್ಗಾಂವಿ ತಾಲ್ಲೂಕು

ಅಕ್ಕಾರೆ, ನನ್ನ ಕಥೆ ಹೇಳುತ್ತೇನೆ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ನಾವು ಏಕತಾರಿ, ದಮಡಿ ಹಿಡಿದು ತತ್ವಪದ ಹಾಡುವವರು. ಶಿಶುನಾಳ ನಮ್ಮ ತಾಲ್ಲೂಕಿನಲ್ಲೇ ಇದೆ, ಹಾಗಾಗಿ ಹಾಡು ಇಲ್ಲಿ ಹೊಸದಲ್ಲ. ಭಜನೆ, ಜಾತ್ರೆ, ಯಾರಾದರೂ ತೀರಿಕೊಂಡ ಮನೆ, ಎಲ್ಲ ಕಡೆ ಹಾಡುತ್ತೇವೆ. ಅಣ್ಣನ ಮಗ ಟಿಕ್‌ಟಾಕ್ ಹಾಕಿಕೊಟ್ಟ. ಹೊಲದ ಬದುವಿನಲ್ಲಿ ಕೂತು ಹಾಡಿದ್ದನ್ನು ಹಾಕುತ್ತಿದ್ದೆ. ಒಂದೂವರೆ ವರ್ಷದಲ್ಲಿ 80 ಸಾವಿರ ಜನ ಆದರು. ಕೊರೊನಾ ಬಂದು ಜಾತ್ರೆಗಳೆಲ್ಲ ನಿಂತಾಗ ಅದೊಂದೇ ನನಗೆ ಕಟ್ಟೆ. ರಾತ್ರಿ ಎರಡರವರೆಗೆ ಕಮೆಂಟ್ ಓದುತ್ತ ಕೂರುತ್ತಿದ್ದೆ. ಹೆಂಡತಿ ಮಾತು ಬಿಟ್ಟಿದ್ದಳು.

2020ರ ಜೂನ್ 29ಕ್ಕೆ ಸರ್ಕಾರ 59 ಆ್ಯಪ್ ಬಂದ್ ಮಾಡಿತು. ಟಿಕ್‌ಟಾಕ್ ಅದರಲ್ಲಿ ಒಂದು. ಮಾಡಿದ್ದು ತಪ್ಪೋ ಸರಿಯೋ ಅದು ಬೇರೆ ಮಾತು. ನನಗೆ ಆದದ್ದು ಇಷ್ಟು: ಹಾಡುಗಳನ್ನು ಫೋನಿನಲ್ಲಿ ಉಳಿಸಿಕೊಂಡಿರಲಿಲ್ಲ, ಅಲ್ಲೇ ಇರುತ್ತವೆ ಅಂದುಕೊಂಡಿದ್ದೆ. 80 ಸಾವಿರ ಜನರಲ್ಲಿ ಒಬ್ಬರ ನಂಬರೂ ನನ್ನ ಹತ್ತಿರ ಇರಲಿಲ್ಲ. ಅವರಿಗೂ ನನ್ನ ಊರು ಗೊತ್ತಿಲ್ಲ. ಬಿತ್ತನೆ ಮುಗಿದ ಹೊತ್ತು. ಬದುವಿನಲ್ಲಿ ಹೋಗಿ ಕೂತೆ. ಹಾಡಲು ಬಾಯಿ ತೆಗೆದರೆ ಯಾರಿಗೆ ಅಂತ ಅನ್ನಿಸಿತು. ಇದನ್ನು ನೆನೆಸಿಕೊಂಡರೆ ಈಗಲೂ ಹೆದರಿಕೆ ಆಗುತ್ತದೆ. ಹತ್ತು ವರ್ಷದವನಿದ್ದಾಗಿಂದ ಹಾಡುತ್ತಿದ್ದೇನೆ, ಯಾರಿಗೆ ಅಂತ ಒಂದು ದಿನ ಕೇಳಿಕೊಂಡವನಲ್ಲ.

ಎರಡು ತಿಂಗಳು ಹಾಡಲಿಲ್ಲ. ಆಮೇಲೆ ಪಕ್ಕದ ಊರಿನ ಒಬ್ಬ ಮುದುಕ ಸತ್ತ, ಹಾಡಲು ಕರೆದರು. ಬೆಳತನಕ ಹಾಡಿದೆವು. ಅಲ್ಲಿ ಲೈಕ್ ಇಲ್ಲ, ಏನಿಲ್ಲ. ಆ ಮನೆಯ ಹೆಣ್ಣುಮಗಳು ಬೆಳಿಗ್ಗೆ ಚಹಾ ಕೊಟ್ಟು, "ಅಪ್ಪ ಈ ಪದ ಗುನುಗುತ್ತಿದ್ದ" ಅಂದಳು.

ಈಗ ನಾನೂ ಯೂಟ್ಯೂಬ್‌ನಲ್ಲಿ ಹಾಕುತ್ತೇನೆ, ಬಿಟ್ಟಿಲ್ಲ. ಆದರೆ ಮೊದಲು ಊರಲ್ಲಿ ಹಾಡಿದ್ದು, ಅದರಲ್ಲಿ ಯಾರಾದರೂ ತೆಗೆದದ್ದು ಚೆನ್ನಾಗಿದ್ದರೆ ಅದನ್ನೇ ಹಾಕುತ್ತೇನೆ. ಫೋನಿಗಾಗಿ ಹಾಡುವುದಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಕರೆಸಿದವರು, ಕೇಳಿ ಫೋನ್ ಮಾಡಿದವರು, ಎಲ್ಲರ ಹೆಸರು, ಊರು, ನಂಬರು. ಈಗ 340 ಆಗಿವೆ. ನಿಮ್ಮ 9 ಆರ್ಡರಿನವರ ನಂಬರು ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತೇ ಬರೆದುಕೊಳ್ಳಿ. ಸೊಲ್ಲಾಪುರದ ಹೆಣ್ಣುಮಗಳ ನಂಬರು ಎಲ್ಲರಿಗಿಂತ ಮೊದಲು.


ಮಗ್ಗದ ಮನೆ, ಬೆಟಗೇರಿ

ಅಕ್ಕಾರೆ, ಎಲ್ಲರೂ ಬಾಕಿ ವಿಷಯ ಹೇಳಿದ್ದಾರೆ, ನಾನು ಕಳ್ಳತನದ ಬಗ್ಗೆ ಮಾತ್ರ. ನಾವು ಮೂರು ತಲೆಮಾರಿನಿಂದ ನೇಯುವವರು.

ಕಸೂತಿಗೆ ಜಿಐ ಟ್ಯಾಗ್ ಇದೆ, ಅಂದರೆ ಇದು ಇಂಥ ಪ್ರದೇಶದ್ದು ಅಂತ ಸರ್ಕಾರ ಕೊಡುವ ಗುರುತು. ಆದರೆ ಅದು ಕಾಯುವುದು ಹೆಸರನ್ನು. ಪ್ರಿಂಟ್ ಸೀರೆಯನ್ನು ಕಸೂತಿ ಅಂತ ಹೇಳಿ ಮಾರಿದರೆ ಅದು ತಪ್ಪು. ಗೋಪುರದ ಚಿತ್ರ ನನ್ನದು ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಫೋಟೊ ಬೇರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದವರಿಗೆ ಅದರ ಹಕ್ಕು. ಇನ್‌ಸ್ಟಾಗ್ರಾಮ್‌ನಲ್ಲೇ ದೂರು ಕೊಡುವ ಫಾರ್ಮ್ ಇದೆ, ಕಾಪಿರೈಟ್ ಅಂತಲೇ ಇದೆ. ನಾವು ಕೊಟ್ಟಿದ್ದೆವು, ಆರನೇ ದಿನಕ್ಕೆ ತೆಗೆದರು. ಮತ್ತೆ ಬೇರೆ ಹೆಸರಿನಲ್ಲಿ ಹಾಕಿದರು, ಮತ್ತೆ ಕೊಟ್ಟೆವು. ತಿಂಗಳಿಗೆ ಒಂದು ಸಲ ಕೂತು ಹುಡುಕಿ ದೂರು ಕೊಡುವುದು, ಉಳಿದ ದಿನ ಆ ಕಡೆ ತಲೆ ಹಾಕದಿರುವುದು. ನಮ್ಮ ಮಾವನವರ ನಿಯಮ ಇದು. ಕಳ್ಳನನ್ನು ದಿನಾ ಕಾಯುತ್ತ ಕೂತರೆ ಮಗ್ಗ ಯಾರು ಹೊಡೆಯಬೇಕು ಅನ್ನುತ್ತಾರೆ.

ಒಂದು ಕುತೂಹಲ. ಎಳೆಯ ಎಣಿಕೆ ಪೂರ್ತಿ ಕಾಣುವ ಹಾಗೆ ವಿಡಿಯೋ ಹಾಕುತ್ತೀರಲ್ಲ, ಬೇಜಾರಾಗುವುದಿಲ್ವಾ? ನಾವು ಸೆರಗಿನ ಲೆಕ್ಕ ಯಾರಿಗೂ ಹೇಳುವುದಿಲ್ಲ.


ಕಸೂತಿ ಅಕ್ಕ, ಧಾರವಾಡ

ಬೆಟಗೇರಿ ತಂಗಿ, ಫೋಟೊ ತೆಗೆದದ್ದು ಸೊಸೆ. ಹಾಗಾಗಿ ಹಕ್ಕು ಅವಳದು. ಹೇಳಿದೆ, "ಹಾಗಾದರೆ ದೂರು ನಾನೇ ಕೊಡುತ್ತೇನೆ, ಲೈನ್ ಬಜಾರ್ ಪೇಢೆ ಕೊಡಿಸಿ" ಅಂದಳು. ಕಾಲು ಕೆಜಿ ಹೋಯಿತು.

ಎಣಿಕೆ ತೋರಿಸಲು ಬೇಜಾರಿಲ್ಲ. ನಮ್ಮ ಅಜ್ಜಿ ಆನೆ ಅಂಬಾರಿ ಕಲಿತದ್ದು ಹೇಗೆ ಗೊತ್ತಾ? ಹಾನಗಲ್ ಕಡೆ ಒಂದು ಮದುವೆಗೆ ಹೋಗಿದ್ದಳಂತೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹೆಂಗಸಿನ ಸೆರಗು ಇವಳ ಮಂಡಿ ಮೇಲೆ ಬಿತ್ತು. ಎತ್ತಿ ಕೊಡಲಿಲ್ಲ. ಎಡಗೈಯಲ್ಲಿ ತಿರುವಿ ಎಳೆ ಎಣಿಸುತ್ತ ಊಟ ಮಾಡಿದಳು. ಹುಗ್ಗಿ ಬಡಿಸಿದ್ದು ಗೊತ್ತಾಗಲಿಲ್ಲವಂತೆ. ಮನೆಗೆ ಬಂದು ಒಲೆ ಹತ್ತಿರದ ಗೋಡೆ ಮೇಲೆ ಇದ್ದಿಲಿನಲ್ಲಿ ಚುಕ್ಕಿ ಇಟ್ಟುಕೊಂಡಳು. ಆ ಆನೆಯನ್ನೇ ನಾನು ಹಾಕುತ್ತಿರುವುದು. ಯಾರ ಆನೆ ಅದು? ನಾನು ಮುಚ್ಚಿಟ್ಟರೆ ಆ ಹಾನಗಲ್ ಹೆಂಗಸು ಬಂದು ಕೇಳಬೇಕು.

ಶಿಗ್ಗಾಂವಿ ಅಣ್ಣಾ, ನಿಮ್ಮದನ್ನು ಎರಡು ಸಲ ಓದಿದೆ. 9ರಲ್ಲಿ 4 ಜನರ ನಂಬರು ಮಾತ್ರ ಇತ್ತು. ಉಳಿದವರಿಗೆ ಈಗ ಕೇಳಿ ಬರೆದುಕೊಂಡೆ. ಮೊಮ್ಮಗನ ಹಳೇ ಕಾಪಿ ಪುಸ್ತಕ, ಮುಂದಿನ ಪುಟಗಳಲ್ಲಿ ಮಗ್ಗಿ ಇದೆ, ಹಿಂದಿನಿಂದ ನಂಬರು. ಸೊಲ್ಲಾಪುರದವಳಿಗೆ ನಾನೇ ಫೋನ್ ಮಾಡಿದೆ. ನಲವತ್ತು ನಿಮಿಷ ಮಾತಾಡಿದೆವು. ಆ ಒಂದು ಮೆಟ್ಟಿಲು ತಪ್ಪಿದ್ದು ಹೇಳಿದೆ. "ಗೊತ್ತಿತ್ತು ಅಕ್ಕಾ, ನೀವು ಹೇಳುತ್ತೀರಾ ಅಂತ ನೋಡುತ್ತಿದ್ದೆ" ಅಂದಳು!


ಕಸೂತಿ ಅಕ್ಕ, ಧಾರವಾಡ

19 ದಿನ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಮಾಸ್ತರ ದೀಪಕ್ಕೆ ಒಂದು ಡಬ್ಬಿ ಹುಡುಕಿದೆ. ಅಜ್ಜಿಯ ಕಾಲದ ಜೋಳದ ಡಬ್ಬಿ, ಮುಚ್ಚಳ ಬಿಗಿ. ಸೂಜಿಗೆ ದಾರ ಪೋಣಿಸಿದ ಮೇಲೆ ಫೋನ್ ಅದರೊಳಗೆ. ಮೊದಲ ದಿನ ನೋಟಿಫಿಕೇಶನ್ ಬಂದ್ ಮಾಡುವುದು ಮರೆತಿದ್ದೆ. ಡಬ್ಬಿಯೊಳಗೆ ಫೋನ್ ನಡುಗಿದರೆ ಅಡುಗೆ ಮನೆಯೇ ನಡುಗಿದ ಹಾಗೆ ಸದ್ದು. ಮನೆಯವರು ಹೆದರಿ ಎದ್ದು ಬಂದರು. ಈಗ ಬಂದ್ ಮಾಡಿದ್ದೇನೆ.

ಎರಡನೇ ಬುಧವಾರ ಸೋತೆ. ಹಾಲು ಕಾಯಿಸುವ ನೆಪ ಮಾಡಿಕೊಂಡು ಡಬ್ಬಿ ತೆಗೆದು ಹದಿನೈದು ನಿಮಿಷ ನಿಂತೇ ನೋಡಿದೆ. ಹಾಲು ಉಕ್ಕಿತು. ಉಳಿದ ದಿನ ಪರವಾಗಿಲ್ಲ.

ಮೆಸೇಜಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಮಾತ್ರ. ಇದರಿಂದ ಒಂದು ಆರ್ಡರ್ ಹೋಯಿತು. ಎರಡು ದಿಂಬಿನ ಕವರು, ಬೆಂಗಳೂರಿನವರು, ಮಂಗಳವಾರ ಕೇಳಿದ್ದರು, ನಾನು ಉತ್ತರ ಕೊಡುವಷ್ಟರಲ್ಲಿ ಬೇರೆ ಕಡೆ ತೆಗೆದುಕೊಂಡಿದ್ದರು. ಸುಳ್ಳು ಯಾಕೆ ಹೇಳಲಿ, ಆವತ್ತು ಹೊಟ್ಟೆ ಉರಿಯಿತು. ಹಾಗೇ ಪುಸ್ತಕದಲ್ಲಿ ಬರೆದುಕೊಂಡವರಲ್ಲಿ ಒಬ್ಬರು ತಾವಾಗಿಯೇ ಫೋನ್ ಮಾಡಿ ಮಗಳ ಸೀಮಂತಕ್ಕೆ ಕುಬಸ ಹೇಳಿದ್ದಾರೆ. ಲೆಕ್ಕ ಸಮ ಆಯಿತು ಅಂತಲ್ಲ. ದಿಂಬಿನ ಕವರಿನ ದುಡ್ಡು ಜಾಸ್ತಿ ಇತ್ತು.

ತೇರು ಶುರು ಮಾಡಿದ್ದೇನೆ. ಗಾಲಿ ಎರಡೂ ಆಗಿವೆ, ಎರಡನೇ ಅಂತಸ್ತಿನಲ್ಲಿದ್ದೇನೆ. ಗೆರೆ ಎಲ್ಲೂ ತಪ್ಪಿಲ್ಲ, ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಅರ್ಧ ಗಾಲಿಯ ಫೋಟೊ ಒಂದು ಹಾಕಿದೆವು. ಎಷ್ಟು ಜನ ನೋಡಿದರು ಗೊತ್ತಿಲ್ಲ, ಎಣಿಕೆ ನೋಡುವ ಕೆಲಸ ಸೊಸೆಯದು, ಅವಳು ಹೇಳುವುದಿಲ್ಲ. ಈಗ ಅವಳ ಮುಖ ನೋಡಿ ಅಂದಾಜು ಮಾಡುವ ಚಟ ಶುರುವಾಗಿದೆ. ನಿನ್ನೆ ಚಹಾ ಕೊಡುವಾಗ ಸುಮ್ಮನೆ ಇದ್ದಳು. ಕಡಿಮೆ ಬಂದಿರಬೇಕು.

ಶನಿವಾರದ ವಿಷಯ. ಸ್ಟ್ಯಾಂಡ್ ಅಟ್ಟಕ್ಕೆ ಹಾಕಿಸಿದೆ. ಹುಡುಗಿಯರ ಫೋನೂ ಡಬ್ಬಿಗೆ, ಏಳು ಫೋನಿಗೆ ಜಾಗ ಸಾಲದೆ ಇನ್ನೊಂದು ಡಬ್ಬಿ ತೆಗೆದೆ. ಆ ಸಣ್ಣವಳ ಪಕ್ಕದಲ್ಲಿ ಕೂತೆ. ಅವಳು ಮುರಗಿಯಲ್ಲಿ ತಿರುವು ಬಂದ ಕಡೆಯೆಲ್ಲ ನಾಲ್ಕು ಎಳೆ ಎತ್ತುವ ಬದಲು ಮೂರು ಎತ್ತುತ್ತಿದ್ದಳು. ಒಂದು ಸಲ ಅಲ್ಲ, ಪ್ರತಿ ತಿರುವಿಗೂ. ಬಟ್ಟೆ ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದೆ. ಐದು ವಾರದಿಂದ ಹಾಗೇ ಮಾಡಿಕೊಂಡು ಬಂದಿದ್ದಾಳೆ. ಆ ಐದೂ ಶನಿವಾರ ನಾನು ಅದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ ಇದ್ದೆ.

"ಬಿಚ್ಚೋಣೇನು?" ಅಂದೆ. "ಎಲ್ಲಾನೂ ರೀ?" ಅಂದಳು. ಇಬ್ಬರೂ ಕೂತು ಬಿಚ್ಚಿದೆವು. ಏಳು ಗಂಟೆ ಆಯಿತು, ಅವರಪ್ಪ ಕರೆದೊಯ್ಯಲು ಬಂದು ಬಾಗಿಲಲ್ಲಿ ಕಾಯುತ್ತ ನಿಂತಿದ್ದರು.


ಎಡಿಟಿಂಗ್ ಹುಡುಗ, ವಿದ್ಯಾನಗರ ಹುಬ್ಬಳ್ಳಿ

ಅಕ್ಕಾ, ಅರ್ಧ ಗಾಲಿಯ ಫೋಟೊ ಎಷ್ಟು ಜನ ನೋಡಿದ್ದಾರೆ ಅಂತ ನನಗೆ ಗೊತ್ತು, ಹೇಳಲಾ? ಬೇಡ, ಬಿಡಿ.

ನಮ್ಮ ಅಮ್ಮ ಕೇಳುತ್ತಿದ್ದಾರೆ, ಶನಿವಾರದ ಕ್ಲಾಸಿಗೆ ದೊಡ್ಡವರನ್ನು ಸೇರಿಸಿಕೊಳ್ಳುತ್ತೀರಾ ಅಂತ. ಅವರಿಗೆ 58. ಸಣ್ಣವರಿದ್ದಾಗ ಸ್ವಲ್ಪ ಗವಂತಿ ಹಾಕಿದ್ದರಂತೆ.


ಕಸೂತಿ ಅಕ್ಕ, ಧಾರವಾಡ

ಧಾರಾಳವಾಗಿ ಕರೆದುಕೊಂಡು ಬಾ. ಸೂಜಿ, ದಾರ, ಬಟ್ಟೆ ನಾನು ಕೊಡುತ್ತೇನೆ. ಹತ್ತಿರದ ಕನ್ನಡಕ ಇದ್ದರೆ ತರಲು ಹೇಳು. ನೀನೂ ಬಂದರೆ ನಿನ್ನ ಫೋನಿಗೆ ಮೂರನೇ ಡಬ್ಬಿ ಬೇಕಾಗುತ್ತದೆ, ಅದರಲ್ಲಿ ಸದ್ಯಕ್ಕೆ ಶೇಂಗಾ ಇದೆ. ಖಾಲಿ ಮಾಡಿ ಇಟ್ಟಿರುತ್ತೇನೆ.